ಹನ್ನೊಂದನೇ ಜೋಡಿ

ಮುದ್ನಾಳದಿಂದ ಟಂಟಂ ಹತ್ತಿ ಬಂದಳು ಜಗದೇವಿ.
ಕುಪ್ಪಸದ ತುಂಡಿನಲ್ಲಿ ಸುತ್ತಿದ ಡಿವಿಡಿ.
ಮೇಲೆ ಅಬ್ಬಾನ ಅಕ್ಷರ, ನೀಲಿ ಮಾರ್ಕರಿನದು:
ಸಾಮೂಹಿಕ ವಿವಾಹ, ೨೦೦೭, ಜೋಡಿ ೩೧.
‘ಮೊಬೈಲಿಗೆ ಹಾಕಿ ಕೊಡ್ರಿ ಅಕ್ಕೋರ. ನಂದು ಹನ್ನೊಂದನೇದು.’

ಬೆಳಕಿಗೆ ಹಿಡಿದೆ. ಅಂಚಿನಿಂದ ಅಂಚಿಗೆ ಗೀರು.
‘ಮಗ ಸಣ್ಣಾಂವ ಇದ್ದಾಗ ಗಾಡಿಗೆ ಗಾಲಿ ಮಾಡಿದ್ದ.’

ವೈರಸ್ ಹೊಡೆದ ವರ್ಷ ಈ ಕಂಪ್ಯೂಟರಿಗೆ
ಲಿನಕ್ಸ್ ಹಾಕಿದವಳು ನಾನೇ.
ಕರಿ ಪರದೆ, ಬಿಳಿ ಅಕ್ಷರ.
ಗಾಂಧಿ ಚೌಕದ ಗಿರಾಕಿಗಳಿಗೆಲ್ಲ ಅನುಮಾನ:
‘ಕೆಟ್ಟದೇನ್ರಿ?’
ಕೆಟ್ಟಿಲ್ಲ. ಓದುತ್ತಿದೆ.

ಮೊದಲು ನಕಲು, ಆಮೇಲೆ ಬೇರೆ ಮಾತು.
ಗಾಯದ ತಟ್ಟೆಯನ್ನು ಮತ್ತೆ ಮತ್ತೆ ತಿರುಗಿಸಬಾರದು,
ಸಿಕ್ಕಷ್ಟು ಬಾಚಿಕೊಂಡು ಅದರ ಮೇಲೆ ಕೈಯಾಡಿಸಬೇಕು.

ಎಪ್ಪತ್ತೆರಡಕ್ಕೆ ನಿಂತಿತು ಡಿಡಿರೆಸ್ಕ್ಯೂ.
ಡ್ರೈವು ಕೆಮ್ಮಿತು. ಫ್ಯಾನಿನಡಿ ಮೂವರೂ ಬೆವತೆವು.
ಹಿಂದಿನಿಂದ ಓದು, ಎಂದು ಬರೆದೆ.
ಮೊದಲು ಎಂಜಲೆಲೆ ಬಂತು, ಆಮೇಲೆ ಊಟ,
ನೆಲದಿಂದ ತಲೆಗೆ ಹಾರಿದ ಅಕ್ಕಿಕಾಳು;
ನನಗೆ ಹಾಗೆ ಕಂಡಿತು. ಪರದೆಯ ಮೇಲೆ ಬರೀ ಅಂಕಿ.

ಎರಡು ತಾಸು, ಎರಡು ಚಹಾ,
ನಡುವೆ ಅಬ್ಬಾನ ಸಕ್ಕರೆ ಕಾಯಿಲೆಯ ವಿಚಾರಣೆ.
ದಕ್ಕದೆ ಉಳಿದದ್ದು ಮೂರೇ ಸೆಕ್ಟರ್.
ಎಂಪಿ-ಫೋರ್ ಮಾಡುವಾಗ
ಬಾಚಣಿಗೆ ಹಲ್ಲಿನಂಥ ಗೆರೆಗಳನ್ನೂ ತೆಗೆದೆ.

ಬಂತು ಹನ್ನೊಂದನೇ ಜೋಡಿ. ಕಲೆಯಿಲ್ಲ, ತಡೆಯಿಲ್ಲ.
ಗಟ್ಟಿಮೇಳ. ತಾಳಿ ಎತ್ತಿದ ಕೈ.
ಅಷ್ಟರಲ್ಲಿ ಯಾರೋ ಸಾಹೇಬರ ಬಿಳಿ ಸಫಾರಿ
ಅಡ್ಡ ನಿಂತಿತು, ಹಾರ ಹಾಕಿಸಿಕೊಂಡು, ನಗುತ್ತ,
ಪೂರಾ ಹದಿನೇಳು ಸೆಕೆಂಡು.

ನಾನು ಅಬ್ಬಾನನ್ನು ನೋಡಿದೆ.
ಅಬ್ಬಾ ಟ್ಯೂಬ್‌ಲೈಟ್ ನೋಡಿದ.
‘ರೊಕ್ಕ ಕೊಟ್ಟವರು ಅವರೇ ಇದ್ದರು, ಬೇಟಿ.’

ಅವಳು ಮಾತ್ರ ಮಾನಿಟರಿಗೆ ಮೂಗು ಹಚ್ಚಿ
ಸಫಾರಿಯ ಮೊಣಕೈ ಕೆಳಗಿನ ಸಂದಿಯಲ್ಲಿ
ಉಗುರಿಟ್ಟಳು: ‘ನಿಂದ್ರಸ್ರಿ, ನಿಂದ್ರಸ್ರಿ.
ಹಸಿರು ಬಳಿ ಕಾಣಸ್ತಾವಲ್ಲ, ಅವು ನನ್ನವ.
ಎಡಗೈಯಾಗ ಒಂದು ಕಮ್ಮಿ ಅದ ನೋಡ್ರಿ,
ಬಸ್ಸಿನ್ಯಾಗ ಒಡೆದಿತ್ತು.’

ಎಣಿಸಿದೆ. ಹೌದು.

ಅಬ್ಬಾ ಅವಳಿಂದ ರೊಕ್ಕ ತಗೊಳ್ಳಲು ಬಿಡಲಿಲ್ಲ.

ಶಟರ್ ಎಳೆದ ಮೇಲೆ ಮ್ಯಾಪ್ ಫೈಲು ತೆರೆದು
ಆ ಮೂರು ಸೆಕ್ಟರ್ ಯಾರವು ಎಂದು ಹುಡುಕಿದೆ.
ಇಪ್ಪತ್ತನಾಲ್ಕನೇ ಜೋಡಿಯವು.
ಅವರಿನ್ನೂ ಬಂದಿಲ್ಲ.