ಹದಿನೇಳನೇ ಕೊಳವಿ

ಉದ್ಯಮಬಾಗದ ನಮ್ಮ ಶೆಡ್ಡಿನ ಮುಂದ
ಸಮುದ್ರ ಅಂದ್ರ ಗೋವಾದ ಮೀನಿನ ಲಾರಿ.
ಚೋರ್ಲಾ ಘಾಟ ಹತ್ತಿ ಬಂದು
ಡಾಂಬರಿನ ಮ್ಯಾಲ ಬರ್ಫದ ನೀರಿನ ಗೆರಿ ಎಳಕೋತ ಹೋಗತೈತಿ.
ಚಹಾ ಕುಡಿಯೂದರಾಗ ಗೆರಿ ಇರೂದಿಲ್ಲ.

ಅಂಥಲ್ಲಿಗೆ ಆರ್ಡರ್ ಬಂತು: ಇಪ್ಪತ್ತು ಕೊಳವಿ,
ಸ್ಟೇನ್‌ಲೆಸ್ ಸ್ಟೀಲು, ಮೊಳದುದ್ದ,
ಎರಡೂ ತುದಿಗೆ ರಬ್ಬರ್ ಉಂಗುರ ಕೂಡ್ರೂ ಗ್ರೂವ್.
ಹೆಪ್ಪುಗಟ್ಟಿದ ಸಮುದ್ರದ ದಂಡಿಗೆ, ಅಂತ ಬರದಿದ್ರು.
ಲೇಥಿನ ಮುಂದಿನ ಪಾಯಪ್ಪ ನಕ್ಕ:
‘ಅಷ್ಟು ನೀರಿಗೆ ಹೆಪ್ಪು ಹಾಕಿದವರು ಯಾರ್ರಿ ಅಕ್ಕಾರ?’

ಇಂಜಿನಿಯರು ತಿಳಿಸಿ ಹೇಳಿದ.
ಬರ್ಫಕ್ಕ ತೂತು ಕೊರದು ಒಂದು ದಾರ ಬಿಡತಾರ,
ದಾರದ ತುಂಬ ನಲವತ್ತು ಥರ್ಮಾಮೀಟರು:
ಕೆಲವು ಗಾಳಿಯೊಳಗ, ಕೆಲವು ಬರ್ಫದೊಳಗ,
ಕೆಳಗಿನವು ಕತ್ತಲ ನೀರಿನೊಳಗ.
ಅಲ್ಲಿ ಆಳಿಲ್ಲ. ತಾಸಿಗೊಮ್ಮೆ ಕೊಳವಿನೇ ಲೆಕ್ಕ ಒಪ್ಪಸತೈತಿ,
ಹೊತ್ತು ಹುಟ್ಟದ ತಿಂಗಳಿನಾಗೂ.

ಅಳತಿ ನೋಡಾಕಿ ನಾನು.
ಹದಿನೇಳನೇದರ ಗ್ರೂವಿನಾಗ ಉಗುರು ಆಡಿಸಿದೆ,
ಉಗುರಿಗೆ ಏನೋ ಸಿಕ್ತು.
ಮೈಕ್ರೋಮೀಟರು ಸುಮ್ಮನಿತ್ತು, ನಾನು ಸುಮ್ಮನಿರಲಿಲ್ಲ.
ಮೂರು ಸಲ ವಾಪಸ್ ಕಳಿಸಿದೆ. ಮೂರನೇ ಸಲಕ್ಕ
ಪಾಯಪ್ಪ ನನ್ನ ಕೂಡ ಮಾತು ಬಿಟ್ಟ.

ಶಹಾಪುರದ ಕುಲ್ಫಿಯವನ ಫ್ರೀಜರಿನಾಗ
ಒಂದು ರಾತ್ರಿ ಮಲಗಿಸಿದ್ವಿ, ಒಳಗೊಂದು ಕಾಗದದ ಚೀಟಿ ಇಟ್ಟು.
ಮುಂಜಾನೆ ತಗದಾಗ ಚೀಟಿ ಒಣಗಿದ್ದು ಒಣಗಿದಂಗ ಇತ್ತು.
ಕುಲ್ಫಿಯವ ಬಾಡಿಗಿ ಕೇಳಲಿಲ್ಲ,
ಬೇಸಿಗ್ಯಾಗ ಮಾತ್ರ ತರಬ್ಯಾಡ್ರಿ ಅಂದ.

ವರ್ಷ ಕಳದ ಮ್ಯಾಲ ಫೋನಿಗೆ ಚಿತ್ರ ಬಂತು.
ಹದಿನೇಳರ ನಲವತ್ತು ಗೆರಿ,
ಮಗ್ಗಕ್ಕ ಹೂಡಿದ ಹಾಸಿನಂಗ ಬಿಡಿಬಿಡಿ,
ಚಳಿಗಾಲ ಪೂರ್ತಿ.
ಆಮ್ಯಾಲ ಒಂದೊಂದ ಹತ್ತಿರ ಬಂದು, ಒಂದಿನ
ನಲವತ್ತೂ ಕೂಡಿ ಒಂದ ಗೆರಿ.
‘ಕೆಟ್ಟು ಹೋತು’ ಅಂದ ಪಾಯಪ್ಪ, ನನ್ನ ಉಗುರು ನೋಡಕೋತ.

ಕೆಟ್ಟಿಲ್ಲ ಅಂದ ಇಂಜಿನಿಯರು.
ಬರ್ಫ ಹೋಗೇತಿ, ಲೆಕ್ಕ ಹಾಕಿದ್ದಕ್ಕಿಂತ ಇಪ್ಪತ್ತು ದಿನ ಮೊದಲ.
ದಂಡಿಯ ಕಂಬದ ಕೇಬಲ್ಲಿಗೆ ಜೋತು ಬಿದ್ದು
ನೀರಿನಾಗ ಮುಳುಗಿ ನಿಂತೈತಿ,
ನಲವತ್ತು ಬಾಯಿಲೆ ಒಂದ ಮಾತು ಹೇಳಾಕತ್ತೈತಿ.

ಪಾಯಪ್ಪ ಭಾಳ ಹೊತ್ತಿನ ಮ್ಯಾಲ ಕೇಳಿದ,
‘ಒಳಗ ನೀರು?’
‘ಹನಿ ಸೈತ ಇಲ್ಲ.’
ಹ್ಞೂಂ ಅಂದ. ಖುಷಿ ಪಡಬೇಕೋ ಬ್ಯಾಡೋ ತಿಳೀಲಿಲ್ಲ,
ಇಬ್ಬರಿಗೂ.

ನಿನ್ನೆ ಮತ್ತ ಇಪ್ಪತ್ತರ ಆರ್ಡರ್ ಬಂದೈತಿ.
ಗ್ರೂವ್ ಅದ, ಅಳತಿ ಅದ.
ಡ್ರಾಯಿಂಗಿನ ಮೂಲ್ಯಾಗ ಒಂದ ಸಾಲು ಹೊಸಾದು:
ಈ ಸಲ ತೇಲೂ ಹಂಗ ಮಾಡ್ರಿ.