ಬಂದ ಗಂಟೆ

ರೆಕಾರ್ಡ್ ರೂಮಿನ ಕಿಟಕಿ ಸಮುದ್ರಕ್ಕೇ ತೆರೆಯುತ್ತದೆ,
ಅದಕ್ಕೇ ಇಲ್ಲಿನ ಗುಂಡುಪಿನ್ನುಗಳಿಗೆಲ್ಲ ತುಕ್ಕು.
ಕೇಸ್ ಶೀಟು ಬಿಡಿಸಿದರೆ ಮೂಲೆಯಲ್ಲೊಂದು ಕಂದು ಚುಕ್ಕಿ;
ಮೊದಮೊದಲು ರಕ್ತವೆಂದೇ ಅಂದುಕೊಳ್ಳುತ್ತಿದ್ದೆ.

ಐದು ವರ್ಷದೊಳಗಿನ ಮಕ್ಕಳು, ಜ್ವರ, ನಂಜು ನೆತ್ತರಿಗೇರಿದ್ದು,
ಮೂರು ಮಳೆಗಾಲದ ಕಟ್ಟು.
ಡಾಕ್ಟರ್ ಶಾಲ್ಮಲಿ ಕೊಟ್ಟ ಫಾರಮಿನಲ್ಲಿ ಹೆಸರಿಗೆ ಜಾಗವಿಲ್ಲ.
ನಂಬರು. ತೂಕ. ಉಸಿರು ನಿಮಿಷಕ್ಕೆಷ್ಟು.
ಉಗುರು ಒತ್ತಿ ಬಿಟ್ಟರೆ ಬಿಳಿಚಿದ್ದು ಕೆಂಪಾಗಲು
ಎಷ್ಟು ಸೆಕೆಂಡು.
(ಬಸ್ಸಿಗೆ ಕಾಯುವಾಗ ನನ್ನದನ್ನೇ ಒತ್ತಿ ನೋಡಿದ್ದೇನೆ. ಒಂದೂವರೆ.)
ಬಂದ ಗಂಟೆ.
ಮೊದಲ ಇಂಜೆಕ್ಷನ್ ಬಿದ್ದ ಗಂಟೆ.
"ಈ ಎರಡರ ನಡುವೆ ಇದೆ ನೋಡಿ ಎಲ್ಲ," ಅಂದಿದ್ದರು ಅವರು,
ಟೀ ಲೋಟಕ್ಕೆ ಸಾಸರು ಮುಚ್ಚುತ್ತ.

ಗೊತ್ತಿಲ್ಲದಿದ್ದರೆ ತೊಂಬತ್ತೊಂಬತ್ತು ಅಂತ ಬರೆಯಬೇಕು.
ಮೊದಲ ವಾರ ಎಷ್ಟು ತೊಂಬತ್ತೊಂಬತ್ತು ಬರೆದೆನೆಂದರೆ
ಹನ್ನೊಂದು ತಿಂಗಳ ಕೂಸುಗಳೆಲ್ಲ
ಅಜ್ಜಂದಿರಾಗಿ ಸತ್ತಂತೆ ಕಾಣುತ್ತಿತ್ತು ಪರದೆಯ ಮೇಲೆ.

ಅರವತ್ತೊಂದನೆಯ ಶೀಟು.
ಇಂಜೆಕ್ಷನ್ನಿನ ಗಂಟೆ ಇದೆ, ಸಿಸ್ಟರ್ ಎಸ್ಪೆರಾನ್ಸಾರ ದುಂಡಗಿನ ಅಕ್ಷರ: ೫.೧೦.
ಬಂದ ಗಂಟೆಯ ಜಾಗದಲ್ಲಿ ನೀರು ಬಿದ್ದು ಶಾಯಿ ಹೊಳೆಯಾಗಿದೆ.
ಕೆಳಗೊಂದು ಫೋನ್ ನಂಬರು. ಬೈತಖೋಲ.

ಮೂರು ದಿನ ಮಾಡಲಿಲ್ಲ. ಏನೆಂದು ಕೇಳುವುದು?
ನಾಲ್ಕನೆಯ ದಿನ, ಎತ್ತಿದವಳ ಹಿಂದೆ ಮೀನು ಎಣಿಸುವ ದನಿ:
ಲಾಭ, ಎರಡು, ಮೂರು, ನಾಲ್ಕು...
ಬಾಂಗಡೆಯಿರಬೇಕು, ಅಷ್ಟು ಬೇಗ ಬೇಗ.
ಹೆಸರು ಹೇಳಿದೆ, ಆಸ್ಪತ್ರೆ ಅಂದೆ. ಎಣಿಕೆ ನಿಂತಿತು.

"ಗಡಿಯಾಳ ಯಾರು ನೋಡಿದ್ರು ಬಾಯೀ," ಅಂದಳು ಸುಲಕ್ಷಾ ಹರಿಕಂತ್ರ.
"ಮಗ ತಣ್ಣಗಾಗ್ತಾ ಇದ್ದ, ಕಾಲು ಮೊದಲು.
ರಿಕ್ಷಾ ಹತ್ತುವಾಗ ಭರತಿ ತುಂಬಿ ನಿಂತಿತ್ತು,
ನಮ್ಮ ದೋಣಿ ತೆಂಗಿನ ಬುಡಕ್ಕೆ ತಾಗ್ತಿತ್ತು. ಅಷ್ಟೇ ಗೊತ್ತು."
ಆಮೇಲೆ, ತಾನಾಗಿಯೇ:
"ಹುಣ್ಣಿಮೆ ಕಳೆದು ಮೂರನೇ ರಾತ್ರಿ."

ಬಂದರು ಕಚೇರಿಯ ಗುಮಾಸ್ತ ದಿಗಂಬರ ಬಾನಾವಳಿಕರ
ಹಳೆಯ ಉಬ್ಬರವಿಳಿತದ ಪುಸ್ತಕ ಇಳಿಸಿ ಧೂಳು ಹೊಡೆದ.
ಯಾವ ಹಡಗಿನ ಲೆಕ್ಕ, ಅಂದ.
ಪುಟ್ಟದು, ಅಂದೆ. ಒಂಬತ್ತು ಕಿಲೋ.
ಅವನು ಆಮೇಲೆ ಮಾತಾಡಲಿಲ್ಲ.
ಪೂರ್ಣ ಭರತಿ ೧.೫೫. ರಿಕ್ಷಾಕ್ಕೆ ಹದಿನೈದು ನಿಮಿಷ ಸೇರಿಸಿ
ಬರೆದೆ: ೨.೧೦.
ನಡುವೆ ಮೂರು ಗಂಟೆ, ಸರಿಯಾಗಿ.

ಆಧಾರ? ಎಂದಿತು ಕಂಪ್ಯೂಟರು.
ಸಮುದ್ರ, ಎಂದು ಟೈಪಿಸಿದೆ. ಒಪ್ಪಲಿಲ್ಲ.
ಕೇಸ್ ಶೀಟು, ರಿಜಿಸ್ಟರು, ಸಂಬಂಧಿಕರು:
ಇವುಗಳಲ್ಲೊಂದನ್ನೇ ಆರಿಸಬೇಕಂತೆ.
ಸಂಬಂಧಿಕರು, ಎಂದು ಒತ್ತಿದೆ. ಸುಳ್ಳೇನಲ್ಲ.

ನೂರಾ ನಲವತ್ತು ಶೀಟು ಕೂಡಿಸಿದಾಗ ಸಿಕ್ಕಿದ್ದು ಒಂದು ಕೀಲಿಕೈ.
ಹಗಲು ಬಂದವರಿಗೆ ನಲವತ್ತು ನಿಮಿಷ,
ರಾತ್ರಿ ಒಂಬತ್ತು ಕಳೆದು ಬಂದವರಿಗೆ ಹತ್ತಿರ ಹತ್ತಿರ ಮೂರು ಗಂಟೆ.
ಔಷಧದ ಕಪಾಟಿನ ಕೀಲಿ ಸಂಜೆ ಬಸ್ಸು ಹತ್ತಿ
ಕಾಳಿ ಸೇತುವೆ ದಾಟಿ
ಸದಾಶಿವಗಡಕ್ಕೆ ಮಲಗಲು ಹೋಗುತ್ತಿತ್ತು.
ಯಾರ ಜೇಬಿನಲ್ಲೆಂದು ಎಲ್ಲರಿಗೂ ಗೊತ್ತು.
ಮೀಟಿಂಗಿನಲ್ಲಿ ಅವನೇ ಮೊದಲು ಎದ್ದು, ಯಾರ ಮುಖವನ್ನೂ ನೋಡದೆ,
ಅದನ್ನು ಮೇಜಿನ ಮೇಲಿಟ್ಟ.
ಅವನಿಗೂ ಎರಡು ಹೆಣ್ಣುಮಕ್ಕಳು.

ಈಗ ಕ್ಯಾಶುವಾಲ್ಟಿಯಲ್ಲಿ ಬೀಗವಿಲ್ಲದ ಕೆಂಪು ಡಬ್ಬಿ.
ಹೊಸ ಡಬ್ಬಿಗೆ ಹೊಸ ಪುಸ್ತಕ, ಅಂದರು ಡಾಕ್ಟರು, ನಂಬರೂ ಮೊದಲಿಂದ.
ನಿನ್ನೆ ರಾತ್ರಿ ಮಾಜಾಳಿಯಿಂದ ಬಂದದ್ದು, ಹೆಣ್ಣು, ಏಳು ತಿಂಗಳು,
ಬಂದ ಗಂಟೆ ೩.೦೫, ಇಂಜೆಕ್ಷನ್ ೩.೩೧.
ಬೆಳಿಗ್ಗೆ ಹಾಲು ಕುಡಿದು ಸಿಸ್ಟರ್ ತೋಳಿನ ಮೇಲೇ ಕಕ್ಕಿತಂತೆ,
ಅವರು ಬೈಯುತ್ತಲೇ ಎಲ್ಲರಿಗೂ ತೋರಿಸುತ್ತಿದ್ದಾರೆ.

ಪುಟ ತೆರೆದು ಒಂದು ಎಂದು ಬರೆಯುವಾಗ
ಬಾಯಿ ತಾನಾಗಿ ಲಾಭ ಎಂದಿತು.
ತಟ್ಟನೆ ತುಟಿ ಕಚ್ಚಿದೆ.
ಕಿಟಕಿ ತೆರೆದಿತ್ತು,
ಬೈತಖೋಲದಲ್ಲಿ ಯಾರಿಗಾದರೂ ಕೇಳಿಸೀತು.