ಎರಡು ಕೇಜಿ ಕಲ್ಲು

ನನ್ನ ಚೀಲದಲ್ಲಿ ಒಂದು ಜೋಲಿ ತಕ್ಕಡಿ,
ಥರ್ಮಾಮೀಟರು, ಕಬ್ಬಿಣಾಂಶದ ಮಾತ್ರೆ,
ಮೂಲೆ ಮಡಚಿದ ತಾಯಿ ಕಾರ್ಡುಗಳು.
ಬಸಳೆಹುಂಡಿಯಲ್ಲಿ ನಾಯಿಗಳೂ ನನ್ನನ್ನು ಕಂಡರೆ ಬೊಗಳುವುದಿಲ್ಲ.

ಮೊದಲು ಬರೆದದ್ದು ಕಾಲುವೆ ಬೀದಿಯ ನೂರ್ಜಾನಳ ಹೆಣ್ಣು:
ಒಂದು ಕೇಜಿ ಒಂಬೈನೂರು.
ಆಮೇಲೆ ಪುಟ್ಟನಂಜಿಯ ಸೊಸೆಯದು, ಒಂದು ಎಂಟುನೂರು.
ಯುಗಾದಿ ಕಳೆದ ಮೇಲೆ ಜಯಶೀಲಳ ಗಂಡು,
ಎಂಟು ತಿಂಗಳಿಗೇ ಬಂದವನು, ಒಂದು ಆರುನೂರು.
ಸುತ್ತಿದ ಟವೆಲಿನ ತೂಕವೇ ಹೆಚ್ಚೇನೋ ಅನ್ನಿಸಿತು.

ಕಾರ್ಡಿನಲ್ಲಿ ಕಾಲಮ್ಮುಗಳಿವೆ:
ತಾಯಿಯ ವಯಸ್ಸು, ರಕ್ತ ಎಷ್ಟು, ಎಷ್ಟನೇ ಹೆರಿಗೆ.
ಹಿತ್ತಲಾಚೆ ಏನಿದೆ ಎಂದು ಕೇಳುವ ಕಾಲಮ್ಮಿಲ್ಲ.

ಹಿತ್ತಲಾಚೆ ಬಾಗಿಲು ಹಾಕಿದ ಬಣ್ಣದ ಕಾರ್ಖಾನೆ.
ಒಡೆಯ ಹೋದ, ವಾಚ್‌ಮನ್ ಹೋದ, ಬೋರ್ಡು ಗುಜರಿಗೆ ಹೋಯಿತು;
ಡ್ರಮ್ಮುಗಳು ಹೋಗಲಿಲ್ಲ.
ಅರ್ಧ ಹೂತವು, ಅರ್ಧ ಮಕಾಡೆ ಮಲಗಿದವು.
ಮಳೆ ಬಂದ ಮಾರನೆಯ ದಿನ ಕೊಳವೆಬಾವಿಯ ನೀರು
ಒಮ್ಮೆ ಬೆಲ್ಲದ ಬಣ್ಣ, ಒಮ್ಮೆ ಅರಿಶಿನ.
ನಾಳೆ ಯಾವುದೆಂದು ಹುಡುಗರು ಪಂಥ ಕಟ್ಟುತ್ತಾರೆ.

ಗಟ್ಟಿಯಾದ ನೀಲಿ ಡ್ರಮ್ಮುಗಳನ್ನು ಯಾರೋ ತೊಳೆದು ಮಾರಿದರು,
ಇನ್ನೂರು ರೂಪಾಯಿಗೆ ಒಂದು.
ಈಗ ಬಚ್ಚಲ ಪಕ್ಕ ಮನೆಮನೆಗೂ ಇದೆ.
ನನ್ನ ಮನೆಯದನ್ನು ಚೌಕಾಸಿ ಮಾಡಿ
ನೂರೆಂಬತ್ತಕ್ಕೆ ತಂದವಳು ನಾನೇ.
ಕಾಲು ಚಾಚಿ ಕೂತ ಅಜ್ಜಿಯರು
ಕೂಸನ್ನು ಮೊಣಕಾಲ ಮೇಲೆ ಬೋರಲು ಹಾಕಿ
ಎರೆಯುವುದು ಅದರ ನೀರನ್ನೇ.
ಎಷ್ಟು ಸಾಂಬ್ರಾಣಿ ಹಾಕಿದರೂ
ನೆತ್ತಿಯಲ್ಲಿ ಡ್ರಮ್ಮಿನ ವಾಸನೆ.

ತಿಂಗಳ ಸಭೆಯಲ್ಲಿ ಸಾಹೇಬರು ಪಟ್ಟಿ ನೋಡಿದರು.
"ನಿನ್ನ ತಕ್ಕಡಿ ಕೆಟ್ಟಿದೆ ಕಣಮ್ಮ ಚಿಕ್ಕದೇವಿ,
ಒಂದೇ ಬೀದಿಯಲ್ಲಿ ಹನ್ನೊಂದು ಕೂಸು ಹೀಗಿರೋದಕ್ಕೆ ಸಾಧ್ಯವಾ?"
ಪಕ್ಕದವರು, "ಈ ಹೆಂಗಸರು ಸರಿಯಾಗಿ ಉಣ್ಣಲ್ಲ ಸಾರ್,
ಕೂಸು ದಪ್ಪ ಆದರೆ ಹೆರಿಗೆ ಕಷ್ಟ ಅಂತ."
ನಾನು ಬಾಯಿ ಬಿಡಲಿಲ್ಲ.
ಅಲ್ಲಿ ನನ್ನ ಮಾತಿಗೆ ತೂಕವಿಲ್ಲ.

ನಂಜನಗೂಡಿನ ಬಸ್ಸಿಳಿದು ಸೀದಾ
ಸೊಸೈಟಿಯ ಶಿವಮಾದಪ್ಪನ ಹತ್ತಿರ ಹೋದೆ.
"ಅಣ್ಣಾ, ಒಂದಿನಕ್ಕೆ ಎರಡು ಕೇಜಿ ಕಲ್ಲು ಕೊಡು."
"ಯಾಕವ್ವ, ಅಕ್ಕಿ ಕಮ್ಮಿ ಬಂತಾ?"
"ಅಕ್ಕಿ ಅಲ್ಲ," ಅಂದೆ.

ಜಯಶೀಲಳ ಮನೆಯ ತೊಲೆಗೆ ತಕ್ಕಡಿ ನೇತುಹಾಕಿ
ಕೂಸಿನ ಜೋಲಿಯಲ್ಲಿ ಕಲ್ಲಿಟ್ಟೆವು.
ಬೀದಿಯ ಬಾಣಂತಿಯರೆಲ್ಲ ಬಾಗಿಲಲ್ಲಿ,
ತಲೆಗೆ ಬಟ್ಟೆ ಕಟ್ಟಿಕೊಂಡು.
ಮುಳ್ಳು ತೂಗಾಡಿತು, ನಡುಗಿತು,
ಎರಡರ ಮೇಲೆ ಹೋಗಿ ನಿಂತಿತು.
ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲ.

ಯಾರೂ ಏನೂ ಅನ್ನಲಿಲ್ಲ.
ತಕ್ಕಡಿಯೇ ಕೆಟ್ಟಿದ್ದರೆ ಚೆನ್ನಾಗಿತ್ತು ಎಂದು
ನನಗೇ ಅನ್ನಿಸಿದ್ದು ಆಗ.
ಪುಟ್ಟನಂಜಿ ಎದ್ದುಹೋದಳು. ಹಿತ್ತಲಲ್ಲಿ
ಏನನ್ನೋ ದಡಾರನೆ ಉರುಳಿಸಿದ ಸದ್ದು;
ನೀರು ನಮ್ಮ ಕಾಲತನಕ ಹರಿದುಬಂತು.

ನಮ್ಮ ಕಡೆ ಕೂಸನ್ನು ಹರಸುವುದು ಹೀಗೆ:
ಗುಂಡುಕಲ್ಲಿನಂಗಿರು ಮಗ.
ನಲವತ್ತೆರಡನೆಯ ದಿನ ಮತ್ತೆ ತೂಗಿದಾಗ
ಜಯಶೀಲಳ ಕೂಸು ಎರಡಕ್ಕೆ ನೂರು ಗ್ರಾಂ ಕಮ್ಮಿ.
"ಕಲ್ಲಿನಷ್ಟಾಗಕ್ಕೆ ಇನ್ನೆಷ್ಟು ದಿನ ಅಕ್ಕಾ?"
ಎಣಿಸುವವಳಂತೆ ಬೆರಳು ಮಡಚಿದೆ, ಅಷ್ಟೆ.

ಶಿವಮಾದಪ್ಪ ಎರಡು ಸಲ ಹೇಳಿಕಳಿಸಿದ.
ಕಲ್ಲು ಇನ್ನೂ ನನ್ನ ಚೀಲದಲ್ಲೇ ಇದೆ,
ಹೆಗಲು ಎಳೆಯುತ್ತದೆ.
ಸಭೆ ಬರುವ ಮಂಗಳವಾರ.
ಸಾಹೇಬರ ಮೇಜಿನಲ್ಲಿ ಫ್ಯಾನಿನ ಗಾಳಿ ಜೋರು;
ಪಟ್ಟಿ ಹಾರದಂತೆ ಅದರ ಮೇಲೆ ಇದನ್ನಿಡುತ್ತೇನೆ.
ಕೊನೆಯಲ್ಲಿ, ಗೆರೆ ಎಳೆಯದ ಜಾಗದಲ್ಲಿ,
ಪೆನ್ನು ಒತ್ತಿ ಬರೆದಿದ್ದೇನೆ:
ಹಿತ್ತಲಾಚೆ.